ಹಂಪಸಾಗರದ ದಡ ಎಲ್ಲಿದೆ?

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರುಗಳ ಪಟ್ಟಿಯಲ್ಲಿ ಒಂದು ಸಾಗರವಿದೆ, ಒಂದು ಸಮುದ್ರವೂ ಇದೆ. ತುಂಗಭದ್ರೆಯ ದಂಡೆಯ ಹಂಪಸಾಗರ ಮೊದಲನೆಯದು, ಅಂಕಸಮುದ್ರ ಎರಡನೆಯದು. ನಿಜವಾದ ಸಮುದ್ರ ಇಲ್ಲಿಂದ ಪಶ್ಚಿಮಕ್ಕೆ ಸುಮಾರು ಇನ್ನೂರು ಕಿಲೋಮೀಟರು ದೂರ. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಬಯಲುಸೀಮೆಯವರು ದೊಡ್ಡ ಕೆರೆಯನ್ನು ಸಮುದ್ರವೆಂದೂ ಸಾಗರವೆಂದೂ ಕರೆದದ್ದು ಹೊಸ ಸಂಗತಿಯೇನಲ್ಲ. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ ಅನಂತರಾಜಸಾಗರವೆಂಬ ಹೆಸರಿತ್ತು. ನೀರು ಕಡಿಮೆಯಿರುವ ನಾಡಿನಲ್ಲಿ ನೀರಿಗೆ ಇಂಥ ದೊಡ್ಡ ಹೆಸರುಗಳು ಸಿಗುವುದುಂಟು.

ಆದರೆ 1953ರ ನಂತರ ಹಂಪಸಾಗರದ ಹೆಸರಿನ ಉತ್ತರಾರ್ಧ ಅಕ್ಷರಶಃ ನಿಜವಾಯಿತು. ಹೊಸಪೇಟೆಯ ಬಳಿ ಮಲ್ಲಾಪುರದಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಗಭದ್ರೆ ನಿಂತು, ತುಂಬಿದಾಗ 378 ಚದರ ಕಿಲೋಮೀಟರು ಹರಡುವ ಜಲರಾಶಿಯಾಯಿತು. ಹೊಳೆಯ ದಂಡೆಯ ಊರುಗಳು ಹಿನ್ನೀರಿನ ದಡದ ಊರುಗಳಾದವು. ಕರಾವಳಿ ಎಂಬ ಮಾತನ್ನು ಕಾರವಾರ, ಮಂಗಳೂರುಗಳಿಗೆ ಮೀಸಲಿಟ್ಟಿರುವ ನಾವು ಬಯಲುಸೀಮೆಯ ಈ ದಂಡೆಯನ್ನು ಹಾಗೆ ಕರೆಯುವುದಿಲ್ಲ. ಆದರೂ ಇಲ್ಲಿನ ಜನ ನೀರಿನ ಅಂಚಿನಲ್ಲಿ ಬದುಕುವವರು. ಮೀನು ಹಿಡಿಯುತ್ತಾರೆ, ಪ್ರವಾಹಕ್ಕೆ ಅಂಜುತ್ತಾರೆ, ನೀರು ಸರಿದಾಗ ಹೊರಬೀಳುವ ನೆಲದ ಮೇಲೆ ಕಣ್ಣಿಟ್ಟಿರುತ್ತಾರೆ. ಸಮುದ್ರತೀರದವರಿಗಿಲ್ಲದ ಒಂದು ಪೇಚು ಇವರಿಗಿದೆ. ಇವರ ದಡ ವರ್ಷದಲ್ಲಿ ಎರಡು ಬಾರಿ ಜಾಗ ಬದಲಿಸುತ್ತದೆ, ಮತ್ತು ಯಾವ ನಕಾಶೆಯೂ ಅದನ್ನು ಪೂರ್ತಿಯಾಗಿ ಹಿಡಿದಿಲ್ಲ. ಬೇರೆ ಬೇರೆ ಕಾಲದ ನಕಾಶೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮಾತ್ರ ಈ ಸೀಮೆ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದು ಕಾಣುತ್ತದೆ.

ಹಳೆಯದರಿಂದ ಆರಂಭಿಸೋಣ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೇಮ್ಸ್ ರೆನೆಲ್ ರಚಿಸಿದ ಹಿಂದೂಸ್ಥಾನದ ನಕಾಶೆಯಂಥವುಗಳಲ್ಲಿ ತುಂಗಭದ್ರೆ ಒಂದು ಸೊಟ್ಟ ಗೆರೆ, ಅಷ್ಟೆ. ದಂಡು ಸಾಗಿದ ದಾರಿ, ಕೋಟೆ, ಹೊಳೆ ದಾಟುವ ಕಡವು, ಇಷ್ಟು ಗೊತ್ತಾದರೆ ಆ ಕಾಲದವರ ಕೆಲಸ ಮುಗಿಯುತ್ತಿತ್ತು. ಹೊಳೆಯನ್ನು ಜನ ದಾಟುತ್ತಿದ್ದ ರೀತಿ ತಿಳಿಯಬೇಕಾದರೆ ನಕಾಶೆಗಿಂತ ಪ್ರವಾಸಿಗಳ ಬರಹವೇ ವಾಸಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಗಳ ವಿಷಯ ಬರೆದಿದ್ದಾನೆ. ಅದು ನಮ್ಮ ಹರಿಗೋಲು. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ಆಕಾರ ಮಾತ್ರ ಅದೇ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಜಿಲ್ಲೆಗಳು ಎಂಬ ಹೆಸರೇ ಈ ಪ್ರಾಂತಕ್ಕೆ ಬಹುಕಾಲ ಅಂಟಿಕೊಂಡಿತ್ತು. ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1802ರಿಂದ ಹೊಲಹೊಲವನ್ನೂ ಅಳೆಯಿಸಿದ. ಮೂವತ್ತಮೂರು ಅಡಿ ಉದ್ದದ ಸರಪಳಿ ಆ ಅಳತೆಗೆ ಆಧಾರ. ಸರಪಳಿಯ ಉದ್ದ, ಸರಪಳಿಯ ಅಗಲ ಸೇರಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ನಮ್ಮ ರೈತರು ಇವತ್ತೂ ಜಮೀನಿನ ಮಾತಾಡುವಾಗ ಬಳಸುವ ಲೆಕ್ಕ ಇದೇ. ಆದರೆ ಮನ್ರೋನಿಗೆ ಬೇಕಾಗಿದ್ದುದು ಕಂದಾಯ. ಎಷ್ಟು ಎಕರೆ, ಎಂಥ ಮಣ್ಣು, ಯಾರ ಸಾಗುವಳಿ ಎಂಬ ಲೆಕ್ಕದ ಪುಸ್ತಕ ಅವನ ಅಳತೆಯ ಮುಖ್ಯ ಫಲ. ಹೊಲದ ಪಕ್ಕ ಹೊಲವಿಟ್ಟು ಊರಿನ ಚಿತ್ರ ಬರೆಯುವ ಕೆಲಸ ಮುಂದಿನ ಸರ್ವೆಗಳದು.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಅಳತೆ ನಡೆದಿತ್ತು. 1802ರಲ್ಲಿ ಮದರಾಸಿನ ಬಳಿ ಆರಂಭವಾದ ಕರ್ನಲ್ ಲ್ಯಾಂಬ್ಟನ್‌ನ ತ್ರಿಕೋನ ಸರ್ವೆ 1811ರಲ್ಲಿ ಗುತ್ತಿಯ ಬಯಲಿಗೆ ಬಂದು ಅಲ್ಲೊಂದು ಮೂಲರೇಖೆಯನ್ನು ಅಳೆಯಿತು. ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ಹಿಡಿದು ದೂರವನ್ನು ಗಣಿತದಿಂದ ತೆಗೆಯುವ ಈ ವಿಧಾನ ಬಂದ ಮೇಲೆ ಊರುಗಳು ನಕಾಶೆಯಲ್ಲಿ ತಮ್ಮ ಸರಿಯಾದ ಜಾಗಕ್ಕೆ ಬಂದು ಕುಳಿತವು. ನಾಲ್ಕು ಮೈಲಿಗೆ ಒಂದು ಅಂಗುಲದ ಮಾಪಿನಲ್ಲಿ ಲಂಡನ್ನಿನಲ್ಲಿ ಕೆತ್ತಿ ಅಚ್ಚು ಹಾಕಿದ ಭಾರತದ ಅಟ್ಲಾಸಿನ ಹಾಳೆಗಳಿಗೆ ಇದೇ ಬುನಾದಿ. ಅವುಗಳಲ್ಲಿ ಗುಡ್ಡಗಳು ಕಂಬಳಿಹುಳುವಿನ ಹಾಗೆ ಸಣ್ಣ ಗೀರುಗಳಿಂದ ತುಂಬಿರುತ್ತವೆ. ಎತ್ತರ ಎಷ್ಟೆಂದು ತಿಳಿಯುವುದಿಲ್ಲ, ಏರಿದೆ ಎಂಬುದಷ್ಟೇ ತಿಳಿಯುತ್ತದೆ.

ಈ ಹಾಳೆಗಳಲ್ಲಿ ಓದಬೇಕಾದದ್ದು ಮುಖ್ಯವಾಗಿ ಹೆಸರುಗಳನ್ನು. ಮದರಾಸು ಸರ್ಕಾರದ ಗುಮಾಸ್ತರ ಕೈಯಲ್ಲಿ ಹಂಪಸಾಗರ ಹಂಪಸಾಗರಂ ಆಗುತ್ತದೆ, ಮಲ್ಲಾಪುರ ಮಲ್ಲಾಪುರಂ ಆಗುತ್ತದೆ. ಇದು ಅಲ್ಲಿನ ಜನ ಆಡುತ್ತಿದ್ದ ಮಾತಲ್ಲ, ಕಚೇರಿಯ ಮಾತು. ಹೊಸಪೇಟೆಯಿಂದ ದಕ್ಷಿಣಕ್ಕೆ ಬಂದರೆ ವ್ಯಾಸನಕೆರೆ, ಡಣಾಯಕನಕೆರೆ, ನಾರಾಯಣದೇವರಕೆರೆ ಎಂದು ಸಾಲಾಗಿ ಕೆರೆಗಳ ಹೆಸರಿನ ಊರುಗಳು. ಅವುಗಳಾಚೆ ಅಂಕಸಮುದ್ರ, ಹಂಪಸಾಗರ. ಅಣೆಕಟ್ಟು ಬರುವ ಎಷ್ಟೋ ಶತಮಾನ ಮೊದಲೇ ಈ ಸೀಮೆಯನ್ನು ಜನ ನೀರಿನ ಲೆಕ್ಕದಲ್ಲಿ ಗುರುತಿಸಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಂಪ ಎಂಬ ಪದವೂ ಪಂಪಾ ಎಂಬುದರಿಂದ ಬಂದದ್ದು, ಪಂಪಾ ಎಂದರೆ ತುಂಗಭದ್ರೆಗಿದ್ದ ಹಳೆಯ ಹೆಸರು. ಹೀಗೆ ಹಂಪಸಾಗರದ ಹೆಸರಿನಲ್ಲಿ ಎತ್ತ ನೋಡಿದರೂ ನೀರೇ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸರ್ವೆ ಆಫ್ ಇಂಡಿಯಾ ಮೈಲಿಗೊಂದು ಅಂಗುಲದ ಬಣ್ಣದ ಹಾಳೆಗಳನ್ನು ತರತೊಡಗಿತು. ಇವುಗಳಲ್ಲಿ ಗುಡ್ಡದ ಗೀರುಗಳು ಹೋಗಿ ಸಮೋನ್ನತಿ ರೇಖೆಗಳು ಬಂದವು. ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತ ಹೋಗುವ ಗೆರೆಗೆ ಈ ಹೆಸರು. ಮೈಲಿಗೊಂದು ಅಂಗುಲದ ಹಾಳೆಯಲ್ಲಿ ಸಾಮಾನ್ಯವಾಗಿ ಐವತ್ತು ಅಡಿಗೊಂದು ಗೆರೆ. ಹಡಗಲಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ 76ನೆಯ ರೇಖಾಂಶ ಹಾಯುವುದರಿಂದ ಈ ಸೀಮೆ ಎರಡು ಹಾಳೆಗಳಿಗೆ ಹಂಚಿಹೋಗಿದೆ. ಹಡಗಲಿ 48 ಎಂ ಹಾಳೆಯ ಗುಂಪಿಗೂ ಹಗರಿಬೊಮ್ಮನಹಳ್ಳಿ 57 ಎ ಗುಂಪಿಗೂ ಸೇರುತ್ತವೆ. ನೆರೆಹೊರೆಯವರನ್ನು ನೋಡಲು ಎರಡು ಹಾಳೆ ಕೊಳ್ಳಬೇಕು.

ಈ ಸಮೋನ್ನತಿ ರೇಖೆಯೇ ಮುಂದೆ ಸಾವಿರಾರು ಮನೆಗಳ ಹಣೆಬರಹವಾಯಿತು.

ತುಂಗಭದ್ರೆಗೆ ಅಣೆ ಕಟ್ಟುವ ಯೋಚನೆ 1860ರಷ್ಟು ಹಳೆಯದು. ಆಗಲೇ ಸರ್ ಆರ್ಥರ್ ಕಾಟನ್ ಅದನ್ನು ಮುಂದಿಟ್ಟಿದ್ದ. ಹೊಳೆಯ ಬಲದಂಡೆ ಮದರಾಸಿನದು, ಎಡದಂಡೆ ನಿಜಾಮನದು. ಮೇಲೆ ಮೈಸೂರು, ಮುಂಬಯಿ ಪ್ರಾಂತಗಳೂ ಪಾಲುದಾರರು. ಒಪ್ಪಂದಕ್ಕೆ ಬರಲು 1944ರವರೆಗೆ ಕಾಯಬೇಕಾಯಿತು. 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಬೇರೆ ಬೇರೆಯಾಗಿ ಶಂಕುಸ್ಥಾಪನೆ ನಡೆಯಿತು. ಒಂದೇ ಅಣೆಕಟ್ಟಿಗೆ ಎರಡು ಅಡಿಗಲ್ಲು. ಕಲ್ಲು ಮತ್ತು ಸುರ್ಕಿಗಾರೆಯಿಂದ ಕಟ್ಟಿದ ಇದರ ಪೂರ್ಣಮಟ್ಟವನ್ನು ಸಮುದ್ರಮಟ್ಟದಿಂದ 1633 ಅಡಿಗೆ ನಿಗದಿ ಮಾಡಿದರು.

1633 ಎಂಬ ಅಂಕಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಂಗುಲದ ಹಾಳೆಯಲ್ಲಿ 1600 ಅಡಿಯ ಗೆರೆಯಿದೆ, 1650ರ ಗೆರೆಯಿದೆ. ಮುಳುಗಡೆಯ ಅಂಚು ಈ ಎರಡರ ನಡುವೆ ಎಲ್ಲೋ ಬೀಳುತ್ತದೆ. ಎಲ್ಲಿ ಎಂಬುದನ್ನು ಆ ಹಾಳೆ ಹೇಳಲಾರದು. ಗುಡ್ಡದ ಕಡಿದಾದ ಬದಿಯಲ್ಲಿ ಐವತ್ತು ಅಡಿ ಏರಲು ಕೂಗಳತೆಯ ದೂರ ಸಾಕು. ಹಂಪಸಾಗರದ ಕಡೆಯ ಬಯಲಿನಲ್ಲಿ ಅಷ್ಟೇ ಏರಿಕೆಗೆ ಮೈಲಿಗಟ್ಟಲೆ ನಡೆಯಬೇಕು. ಹಾಗಾಗಿ ನೆಲದ ಮೇಲೆಯೇ ಮಟ್ಟ ಹಿಡಿದು ಗುರುತು ಮಾಡದೆ ಬೇರೆ ದಾರಿಯಿರಲಿಲ್ಲ. ಗುರುತಿನ ಕೆಳಗಿನದು ಸರ್ಕಾರದ ವಶಕ್ಕೆ, ಮೇಲಿನದು ಉಳಿಯಿತು. ಕಣಜ ಮೇಲೆ, ಹೊಲ ಕೆಳಗೆ; ಗುಡಿ ಕೆಳಗೆ, ಸ್ಮಶಾನ ಮೇಲೆ. ಗೆರೆಗೆ ಊರಿನ ಪರಿಚಯವಿರುವುದಿಲ್ಲ. ಈ ಜನರ ಮನೆ, ಹೊಲ, ಮರಗಳನ್ನು ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ್ದು ಅವನ್ನು ತೆಗೆದುಕೊಳ್ಳುವ ಹೊತ್ತಿನಲ್ಲಿ ಎಂಬುದು ನಮ್ಮ ಆಡಳಿತದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ವಿಚಿತ್ರ.

ಒಟ್ಟು ತೊಂಬತ್ತು ಗ್ರಾಮಗಳು ಮುಳುಗಡೆಗೆ ಸಿಕ್ಕವು. ಐವತ್ತು ಸಾವಿರಕ್ಕೂ ಮೀರಿದ ಜನ ನೆಲೆ ಬದಲಿಸಬೇಕಾಯಿತು. ನಾರಾಯಣದೇವರಕೆರೆಯ ಜನ ಬಹುಪಾಲು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಆ ಊರು ರಂಗಭೂಮಿಗೂ ಜೋಗತಿ ನೃತ್ಯಕ್ಕೂ ಹೆಸರಾಗಿ, 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ದೇಶಕ್ಕೆಲ್ಲ ಪರಿಚಯವಾಯಿತು. ಹಳೆಯ ಅಂಗುಲದ ಹಾಳೆಯ ಪಕ್ಕ ಇಂದಿನ ಹಾಳೆಯನ್ನಿಟ್ಟರೆ ಇಂಥ ವಲಸೆಯನ್ನು ಬೆರಳಿಟ್ಟು ತೋರಿಸಬಹುದು. ಹಿಂದೆ ನಾಲ್ಕು ದಾರಿ ಕೂಡುತ್ತಿದ್ದ ಊರಿನ ಜಾಗದಲ್ಲಿ ಈಗ ನೀಲಿ ಬಣ್ಣ. ಊರಿಗೆ ಹೋಗುತ್ತಿದ್ದ ಬಂಡಿದಾರಿ ನೀರಿನ ಅಂಚಿಗೆ ಬಂದು ನಿಂತುಬಿಡುತ್ತದೆ. ಹಿಂದೆ ಹಳ್ಳಿಯಿದ್ದಲ್ಲಿ ಪಟ್ಟಣ ಬೆಳೆದಿರುತ್ತದೆ.

ಈಜಿಪ್ಟಿನ ನ್ಯೂಬಿಯನ್ನರಿಗೂ ಇಂಥದೇ ಗತಿಯಾಯಿತು. ಆಸ್ವಾನ್ ಅಣೆಕಟ್ಟಿನಿಂದ ಮುಳುಗುವ ಹಳ್ಳಿಗಳ ಜನರನ್ನು 1963–64ರಲ್ಲಿ ಕೋಮ್ ಓಂಬೋ ಬಯಲಿಗೆ ಒಯ್ದಾಗ ಹೊಸ ಊರುಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟರು. ನಕಾಶೆಯಲ್ಲಿ ಹೆಸರು ಉಳಿಯಿತು, ಆದರೆ ನೈಲ್ ನದಿ ಮನೆಯ ಮುಂದಿರಲಿಲ್ಲ. ನಮ್ಮ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹೊಸ ಕನ್ನಂಬಾಡಿ ಹುಟ್ಟಿದ್ದೂ ಹೀಗೆಯೇ.

1953 ಈ ಸೀಮೆಗೆ ಎರಡು ರೀತಿಯಲ್ಲಿ ಗಡಿವರ್ಷ. ಆ ಜುಲೈ 1ರಂದು ಜಲಾಶಯದ ನೀರನ್ನು ಕಾಲುವೆಗೆ ಬಿಟ್ಟರು. ಮೂರು ತಿಂಗಳ ನಂತರ, ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಆಲೂರು, ಆದವಾನಿ, ರಾಯದುರ್ಗಗಳನ್ನು ಬಿಟ್ಟು ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ವರ್ಷದಲ್ಲಿ ಹಂಪಸಾಗರದವರಿಗೆ ದಂಡೆಯೂ ಬದಲಾಯಿತು, ರಾಜ್ಯವೂ ಬದಲಾಯಿತು. ಆ ಕಾಲದ ಕಾಗದಪತ್ರಗಳಲ್ಲಿ ಮೈಸೂರಿಗೆ ಬಂದ ತಾಲ್ಲೂಕುಗಳ ಜೊತೆಗೆ ಮಲ್ಲಾಪುರಂ ಉಪತಾಲ್ಲೂಕು ಎಂಬ ಹೆಸರು ಸಿಗುತ್ತದೆ. ಇಂದು ಆ ಹೆಸರಿನ ತಾಲ್ಲೂಕು ಇಲ್ಲ.

ಮುಂದಿನ ಆಡಳಿತದ ನಕಾಶೆಗಳ ಕತೆ ಬೇಗ ಹೇಳಿ ಮುಗಿಸಬಹುದು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಆರೂ ಸೇರಿ ವಿಜಯನಗರ ಜಿಲ್ಲೆಯಾಯಿತು. ಈ ಜಿಲ್ಲೆಯ ನಕಾಶೆಯಲ್ಲಿ ಕಣ್ಣಾಡಿಸುವಾಗ ಒಂದು ಗೆರೆಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು.

ವಿಜಯನಗರ ಜಿಲ್ಲೆಗೂ ಕೊಪ್ಪಳ ಜಿಲ್ಲೆಗೂ ನಡುವಿನ ಗಡಿ ಜಲಾಶಯದ ಮಧ್ಯದಲ್ಲಿ ಹಾಯುತ್ತದೆ. ನೀರಿನ ನಡುವೆ ಗಡಿ ಎಳೆಯುವವರು ಸಾಮಾನ್ಯವಾಗಿ ನೇರವಾಗಿ ಎಳೆದುಬಿಡುತ್ತಾರೆ. ಇದು ಹಾಗಿಲ್ಲ. ಹಾವಿನಂತೆ ಡೊಂಕಾಗಿ, ಒಮ್ಮೆ ಈ ದಡದ ಕಡೆಗೆ, ಒಮ್ಮೆ ಆ ದಡದ ಕಡೆಗೆ ವಾಲುತ್ತ ಹೋಗುತ್ತದೆ. ಯಾಕೆಂದರೆ ಅದು ಹಳೆಯ ತುಂಗಭದ್ರೆಯ ಪಾತ್ರ. ಹೊಳೆ ಮುಳುಗಿತು, ಆದರೆ ಹೊಳೆಯನ್ನು ಹಿಡಿದು ಬರೆದಿದ್ದ ಗಡಿ ಮುಳುಗಲಿಲ್ಲ. ಒಂದು ಕಾಲಕ್ಕೆ ಇದು ಬ್ರಿಟಿಷ್ ಇಂಡಿಯಾಕ್ಕೂ ನಿಜಾಮನ ರಾಜ್ಯಕ್ಕೂ ನಡುವಿನ ಮೇರೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತ ಒಕ್ಕೂಟಕ್ಕೆ ಸೇರುವವರೆಗೂ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದವರು ಬೇರೆ ಸರ್ಕಾರದ ನೆಲದಲ್ಲಿ ಇಳಿಯುತ್ತಿದ್ದರು. ಭಾಷೆ ಎರಡೂ ಕಡೆ ಒಂದೇ, ಸಂಬಂಧ ಬೆಳೆಸುವುದಕ್ಕೂ ಜಾತ್ರೆಗೆ ಹೋಗುವುದಕ್ಕೂ ಗಡಿ ಅಡ್ಡ ಬಂದಿರಲಾರದು. 1956ರ ನವೆಂಬರ್ 1ರಂದು ಎರಡೂ ದಂಡೆ ಒಂದೇ ರಾಜ್ಯದ್ದಾದವು. ಆದರೆ ಅಷ್ಟು ಹೊತ್ತಿಗೆ ನಡುವೆ ಹೊಳೆಯ ಬದಲು ಅಗಲವಾದ ನೀರು ನಿಂತಿತ್ತು. ರಾಜಕೀಯವಾಗಿ ಹತ್ತಿರ ಬಂದ ಊರುಗಳು ನಡಿಗೆಯ ಲೆಕ್ಕದಲ್ಲಿ ದೂರವಾದವು.

ಇನ್ನು ಇಂದಿನ ದಡದ ವಿಷಯ. ಮೆಟ್ರಿಕ್ ಲೆಕ್ಕದಲ್ಲಿ ಪೂರ್ಣಮಟ್ಟ 497.74 ಮೀಟರು, ಅಂದರೆ ಇಪ್ಪತ್ತು ಮೀಟರಿಗೊಂದು ಗೆರೆ ಎಳೆಯುವ ಹೊಸ ಹಾಳೆಗಳಲ್ಲಿ 500ರ ಗೆರೆಯಿಂದ ತುಸು ಕೆಳಗೆ. ನಕಾಶೆ ನೀಲಿ ಬಣ್ಣ ತುಂಬುವುದು ಈ ಮಟ್ಟಕ್ಕೆ. ನೀರು ಅಲ್ಲಿಗೆ ಮುಟ್ಟುವುದು ಮಲೆನಾಡಿನ ಮಳೆ ಚೆನ್ನಾಗಿ ಹೊಡೆದ ವರ್ಷಗಳಲ್ಲಿ, ಅದೂ ಮಳೆಗಾಲದ ಕೆಲವು ವಾರ. ಅಲ್ಲಿಂದ ಕಾಲುವೆಗೆ ನೀರು ಹೋದಂತೆ ದಡ ಇಳಿಯುತ್ತದೆ. ಅಣೆಕಟ್ಟಿನ ಬಳಿ ನೀರು ಆಳ. ಹಿನ್ನೀರಿನ ಬಾಲದಲ್ಲಿ ಆಳ ಕಡಿಮೆ, ನೆಲ ಚಪ್ಪಟೆ. ಆದ್ದರಿಂದ ಮಟ್ಟ ಒಂದು ಅಡಿ ಇಳಿದರೆ ಇಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಬೇಸಿಗೆಗೆ ಹಂಪಸಾಗರದ ಕಡೆ ಮತ್ತೆ ಹಳೆಯ ಹೊಳೆಯೇ ಕಾಣಿಸಿಕೊಳ್ಳುತ್ತದೆ. ಹೊರಬಿದ್ದ ಮೆಕ್ಕಲು ನೆಲದಲ್ಲಿ ಬೇಸಾಯ ನಡೆಯುತ್ತದೆ. ಆ ನೆಲ ಕಾಗದದಲ್ಲಿ ಜಲಾಶಯದ್ದು. ಅಜ್ಜನ ಕಾಲದಲ್ಲಿ ನಮ್ಮದಾಗಿತ್ತು ಎನ್ನುವವರಿಗೂ ಈಗ ಉಳುವವರಿಗೂ ಅದರ ಮೇಲೆ ಪಹಣಿಯ ಹಕ್ಕಿಲ್ಲ. ಮುಂಗಾರು ಬೇಗ ಬಂದರೆ ಬೆಳೆ ನೀರಿಗೆ. ಪರಿಹಾರ ಕೇಳಲು ಸರ್ವೆ ನಂಬರು ಅವರ ಹೆಸರಿನಲ್ಲಿಲ್ಲ. ನಕಾಶೆಯಲ್ಲಿ ನೀಲಿಯಾಗಿರುವ ಜಾಗದಲ್ಲಿ ಪೈರು ಹಾಳಾಯಿತೆಂದು ಯಾವ ಕಚೇರಿಯ ಮುಂದೆ ಹೇಳುವುದು?

ಹಿನ್ನೀರಿನ ಬಾಲದಲ್ಲಿ ಇನ್ನೊಂದು ತಾಪತ್ರಯವಿದೆ. ಹೊಳೆ ಮಣ್ಣು ಹೊತ್ತು ಬರುತ್ತದೆ. ನಿಂತ ನೀರು ಸಿಕ್ಕ ಕೂಡಲೇ ಅದರ ಓಟ ತಗ್ಗಿ, ಹೊತ್ತ ಮಣ್ಣಿನಲ್ಲಿ ದಪ್ಪನೆಯದು ಮೊದಲು ಕೆಳಗೆ ಕೂರುತ್ತದೆ. ಅಂದರೆ ಹೂಳು ಅಣೆಕಟ್ಟಿನ ಬುಡದಲ್ಲಿ ಮಾತ್ರ ತುಂಬುತ್ತದೆಂದು ಭಾವಿಸುವುದು ತಪ್ಪು; ಹೊಳೆ ಜಲಾಶಯಕ್ಕೆ ಸೇರುವ ಕಡೆಯಲ್ಲೂ ತಳ ಏರುತ್ತದೆ. ತಳ ಏರಿದರೆ ಅಷ್ಟೇ ನೀರಿಗೆ ಹೊಳೆ ಹೆಚ್ಚು ಅಗಲವಾಗಿ ಹರಡುತ್ತದೆ. ಆರಂಭದಲ್ಲಿ ಜಲಾಶಯದ ಸಾಮರ್ಥ್ಯ 132.47 ಟಿಎಂಸಿ ಇತ್ತು (ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ). 2008ರ ಅಳತೆಯಲ್ಲಿ ಅದು 100.855ಕ್ಕೆ ಇಳಿದಿತ್ತು, 2016ರ ಅಳತೆಯಲ್ಲಿ 105.788 ಎಂದು ಬಂತು. ನಡುವೆ ಹೂಳು ಎದ್ದುಹೋಯಿತೆಂದು ಯಾರೂ ಸಂತೋಷಪಡಬೇಕಾಗಿಲ್ಲ, ಬದಲಾದದ್ದು ಅಳತೆ. ಯಾವ ಅಂಕಿ ಹಿಡಿದರೂ ಮೊದಲಿನ ಐದನೆಯ ಒಂದು ಭಾಗ ಮಣ್ಣಿಗೆ ಹೋಗಿದೆ.

ದಡದ ಓಡಾಟವನ್ನು ಹಿಡಿಯುವ ಮಟ್ಟಿಗೆ ಕಾಗದದ ಹಾಳೆಗಳಿಗಿಂತ ಉಪಗ್ರಹದ ಚಿತ್ರಗಳು ಮೇಲು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದಲೂ, ನಮ್ಮದೇ ಐಆರ್‌ಎಸ್ ಉಪಗ್ರಹಗಳು 1988ರಿಂದಲೂ ಭೂಮಿಯ ಚಿತ್ರ ತೆಗೆಯುತ್ತ ಬಂದಿವೆ. ಯುರೋಪಿನ ವಿಜ್ಞಾನಿಗಳು ಲ್ಯಾಂಡ್‌ಸ್ಯಾಟಿನ ಮೂರು ದಶಕಗಳ ಚಿತ್ರಗಳನ್ನು ಪೇರಿಸಿ, ಯಾವ ಜಾಗದಲ್ಲಿ ಎಷ್ಟು ಪಾಲು ಕಾಲ ನೀರಿತ್ತು ಎಂಬುದನ್ನು ಬಣ್ಣದ ಛಾಯೆಯಲ್ಲಿ ತೋರಿಸುವ ಲೋಕದ ನಕಾಶೆಯನ್ನು 2016ರಲ್ಲಿ ಹೊರತಂದರು. ಇಂಥ ನಕಾಶೆಯಲ್ಲಿ ದಡ ಒಂದು ಗೆರೆಯಲ್ಲ, ಗಾಢದಿಂದ ತಿಳಿಗೆ ಇಳಿಯುವ ಅಗಲದ ಪಟ್ಟಿ. ಹಿನ್ನೀರಿನ ಜನ ಬದುಕುತ್ತಿರುವುದು ಆ ಪಟ್ಟಿಯ ಮೇಲೆ ಮತ್ತು ಅದರ ಅಂಚಿನಲ್ಲಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿಹೋಗಿ, ತುಂಬಿ ನಿಂತಿದ್ದ ಜಲಾಶಯದಿಂದ ಒಂದು ವಾರ ನೀರು ನುಗ್ಗಿ ಹೋದಾಗ ಆ ಪಟ್ಟಿಯ ಒಂದು ಭಾಗ ನಟ್ಟನಡು ಮಳೆಗಾಲದಲ್ಲಿ ಹೊರಬಿದ್ದಿತು.

ಹೊಸ ನಕಾಶೆಗಳ ಕಣ್ಣು ಈಗ ಈ ಸೀಮೆಯ ಬೇರೊಂದು ನೀರಿನ ಮೇಲೂ ಬಿದ್ದಿದೆ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆಗಳ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅದರ ವಿಸ್ತೀರ್ಣ 98.76 ಹೆಕ್ಟೇರು. ಹಕ್ಕಿಗಳ ಸಮುದ್ರಕ್ಕೆ ದಶಾಂಶದ ಎರಡು ಸ್ಥಾನಗಳವರೆಗೆ ಎಲ್ಲೆ ಸಿಕ್ಕಿದೆ.

ಮುಳುಗಿದ ಊರುಗಳ ಗತಿ? ಕಂದಾಯ ಇಲಾಖೆಯಲ್ಲಿ ಬೇಚಿರಾಕ್ ಎಂಬ ಪದವೊಂದಿದೆ. ದೀಪವಿಲ್ಲದ್ದು ಎಂದು ಅದರ ಅರ್ಥ. ಜನವಸತಿಯಿಲ್ಲದ ಗ್ರಾಮಕ್ಕೆ ಬಳಸುತ್ತಾರೆ. ಮನೆಗಳು ಹೋದರೂ ಗ್ರಾಮ ಲೆಕ್ಕದಿಂದ ಹೋಗಬೇಕೆಂದಿಲ್ಲ. ಅದಕ್ಕೊಂದು ಎಲ್ಲೆ, ಸರ್ವೆ ನಂಬರು ಉಳಿದಿರಬಹುದು. ಮದರಾಸು ಕಾಲದ ಅಡಂಗಲ್ ಲೆಕ್ಕ, ಹೊಲದ ಅಳತೆ ಪುಸ್ತಕ, ಹಳೆಯ ಗ್ರಾಮನಕಾಶೆ ಇವು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿ ಮುಳುಗಿದ ಊರಿನ ಹೊಲಗಳ ಮೇರೆ, ಬಾವಿ, ಬಂಡಿದಾರಿ ಇನ್ನೂ ಕಾಣಸಿಗುತ್ತವೆ. ಅವನ್ನು ಓದುವುದಕ್ಕೆ ಸರ್ವೆಯರು ಬೇಕು, ಜೊತೆಗೆ ಆ ಹೊಲದಲ್ಲಿ ನಡೆದಾಡಿದವರೂ ಬೇಕು. 1953ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅಂಥವರೊಬ್ಬರ ಮುಂದೆ ಹಳೆಯ ಅಂಗುಲದ ಹಾಳೆಯನ್ನು ಹರಡಿದರೆ ನೀಲಿಯ ಅಡಿಯ ಹಳ್ಳ ಯಾವುದು, ದಿನ್ನೆ ಯಾವುದು, ಹೊಳೆಗಿಳಿಯುವ ದಾರಿ ಎಲ್ಲಿತ್ತು ಎಂದು ಅವರು ಬೆರಳಿಟ್ಟು ಹೇಳಬಲ್ಲರು. ಆ ಹೆಸರುಗಳಲ್ಲಿ ಹಲವು ಯಾವ ಹಾಳೆಯಲ್ಲೂ ಅಚ್ಚಾಗಿಲ್ಲ.